ನೀರುಗಳ್ಳಿ ಎಂಬ ಹೆಸರು ಹೊತ್ತ ಮರ

ಅಶೋಕನು ಸಾಲುಮರಗಳನ್ನು ನೆಡಿಸಿದನು. ಈ ಒಂದು ವಾಕ್ಯ ಗೊತ್ತಿಲ್ಲದ ಮಗು ನಮ್ಮ ಶಾಲೆಗಳಲ್ಲಿ ಸಿಕ್ಕುವುದು ಕಷ್ಟ. ಕಳಿಂಗ ಯುದ್ಧದ ಇಸವಿಯನ್ನು ಮರೆತವರೂ ಪರೀಕ್ಷೆಯಲ್ಲಿ ಸಾಲುಮರ, ಬಾವಿ, ಅರವಟ್ಟಿಗೆ ಎಂದು ಬರೆದು ಎರಡು ಅಂಕ ಗಿಟ್ಟಿಸಿಕೊಳ್ಳುತ್ತಾರೆ. ಅವನ ಸ್ತಂಭ ಶಾಸನದಲ್ಲಿ ಆಲದ ಮರ, ಮಾವಿನ ತೋಪು ಎಂದು ಮರಗಳ ಹೆಸರೂ ಉಂಟು. ಆದರೆ ನೆಟ್ಟಲ್ಲಿಗೆ ನಮ್ಮ ಪಾಠ ಮುಗಿಯುತ್ತದೆ. ಆ ಮರಗಳು ಮುಂದೆ ಏನಾದವು, ಅಕ್ಕಪಕ್ಕದ ಹೊಲದವರು ಅವುಗಳ ಬಗ್ಗೆ ಏನೆಂದುಕೊಂಡರು ಎಂದು ಯಾರೂ ಕೇಳುವುದಿಲ್ಲ. ನೆಟ್ಟವನ ಚರಿತ್ರೆ ಉಳಿಯುತ್ತದೆ. ನೆಟ್ಟ ಮರದ್ದು ಉಳಿಯುವುದಿಲ್ಲ.

ಇಪ್ಪತ್ತೆಂಟು ವರ್ಷದಿಂದ ಸಮಾಜ ಪಾಠ ಹೇಳುತ್ತ ಬಂದವಳು ನಾನು. ರಾಜರ ವಂಶಾವಳಿಯಷ್ಟೇ ಸ್ವಾರಸ್ಯವಾಗಿ ಒಂದು ಮರದ ವಂಶಾವಳಿಯನ್ನೂ ಹೇಳಬಹುದು ಎಂದು ನನಗೆ ಗಟ್ಟಿಯಾಗಿ ಅನ್ನಿಸಿದ್ದು ಅಮೆರಿಕದ ಮರುಭೂಮಿಯಲ್ಲಿ ಬೆಳೆಯುವ ಒಂದು ಪರದೇಶಿ ಗಿಡದಿಂದ. ಅಲ್ಲಿಯವರು ಅದನ್ನು ಸಾಲ್ಟ್ ಸೀಡರ್ ಎನ್ನುತ್ತಾರೆ. ನಮ್ಮ ಮಾತಿಗೆ ತಂದರೆ ಉಪ್ಪು ದೇವದಾರು ಎಂದಾಗುತ್ತದೆ. ಆದರೆ ದೇವದಾರಿಗೂ ಅದಕ್ಕೂ ಯಾವ ನಂಟೂ ಇಲ್ಲ. ಕುಲದ ಹೆಸರು ಟ್ಯಾಮರಿಕ್ಸ್. ನೋಡುವುದಕ್ಕೆ ನಮ್ಮ ಸರ್ವೆ ಮರದ ತಂಗಿಯ ಹಾಗೆ ಇರುತ್ತದೆ. ಗರಿಗರಿಯಾದ ತೆಳ್ಳನೆಯ ರೆಂಬೆ, ರೆಂಬೆಗೆ ಅಂಟಿಕೊಂಡ ಸಣ್ಣ ಹುರುಪೆಯಂಥ ಎಲೆ, ವಸಂತ ಬಂದರೆ ಮೈತುಂಬ ತಿಳಿಗುಲಾಬಿ ಹೂವು. ಎಲೆಯಲ್ಲಿ ಉಪ್ಪನ್ನು ಹೊರಹಾಕುವ ಗ್ರಂಥಿಗಳಿವೆ. ನೆಲದಿಂದ ಹೀರಿದ ಉಪ್ಪನ್ನು ಅದು ಎಲೆಯ ಮೇಲೆ ಬೆವರಿನ ಹಾಗೆ ಬಿಡುತ್ತದೆ. ಹೆಸರಿನ ಉಪ್ಪು ಬಂದದ್ದು ಅಲ್ಲಿಂದ.

ಇದರ ತವರು ನಮ್ಮ ಕಡೆಯೇ ಎನ್ನಬೇಕು. ಚೀನಾ, ಮಧ್ಯ ಏಷ್ಯಾ, ಪಶ್ಚಿಮ ಏಷ್ಯಾ, ಮೆಡಿಟರೇನಿಯನ್ ಸಮುದ್ರದ ಸುತ್ತಿನ ನಾಡುಗಳು, ಆಫ್ರಿಕಾ, ಇಲ್ಲೆಲ್ಲ ಇದರ ಐವತ್ತಕ್ಕೂ ಹೆಚ್ಚು ಜಾತಿಗಳು ಹರಡಿಕೊಂಡಿವೆ. ಉತ್ತರ ಭಾರತದಲ್ಲಿ ಯಮುನೆ, ಗಂಗೆಯರ ಮರಳುದಂಡೆಯ ಮೇಲೆ ಬೆಳೆಯುವ ಝಾವು ಇದೇ ಕುಲದ್ದು. ಸಂಸ್ಕೃತದಲ್ಲಿ ಝಾವುಕ ಎಂಬ ಹೆಸರಿದೆ. ಅಬ್ರಹಾಮನು ಬೇರ್ಷೆಬದಲ್ಲಿ ಒಂದು ಮರ ನೆಟ್ಟನೆಂದು ಬೈಬಲ್ಲಿನ ಆದಿಕಾಂಡ ಹೇಳುತ್ತದಲ್ಲ, ಆ ಮರವೂ ಟ್ಯಾಮರಿಸ್ಕ್ ಎಂದೇ ವಿದ್ವಾಂಸರು ಅರ್ಥ ಮಾಡುತ್ತಾರೆ. ತವರಿನಲ್ಲಿ ಇದರ ಮೇಲೆ ಅಂಥ ದೂರೇನೂ ಇರಲಿಲ್ಲ. ಸೌದೆಗೆ ಆಯಿತು, ಬುಟ್ಟಿ ಹೆಣೆಯಲು ಆಯಿತು, ಮರಳುಗಾಡಿನಲ್ಲಿ ಕುರಿಗೂ ಕುರುಬನಿಗೂ ತುಸು ನೆರಳಾಯಿತು. ಬಡವರ ಮನೆಯ ಹೆಣ್ಣುಮಗಳ ಹಾಗೆ ಸದ್ದಿಲ್ಲದೆ ಕೆಲಸಕ್ಕೆ ಒದಗುತ್ತಿತ್ತು.

ಈ ಹೆಣ್ಣುಮಗಳು ಹಡಗು ಹತ್ತಿ ಅಮೆರಿಕಕ್ಕೆ ಹೋದದ್ದು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ. 1823ರಲ್ಲಿ ನ್ಯೂಯಾರ್ಕಿನ ಒಂದು ಸಸಿ ವ್ಯಾಪಾರಿಗಳ ಪಟ್ಟಿಯಲ್ಲಿ ಟ್ಯಾಮರಿಸ್ಕ್ ಮಾರಾಟಕ್ಕಿತ್ತು. 1828ರ ಹೊತ್ತಿಗೆ ಫಿಲಡೆಲ್ಫಿಯಾದ ಹೆಸರಾಂತ ಬಾರ್ಟ್ರಾಮ್ ತೋಟದ ಪಟ್ಟಿಯಲ್ಲೂ ಸೇರಿತು. ಆಗ ಅದು ಅಂಗಳದ ಅಲಂಕಾರದ ಗಿಡ. ಗುಲಾಬಿ ಹೂವಿಗೆ ಮನಸೋತು ಕಾಸು ಕೊಟ್ಟು ಕೊಂಡವರು ಎಷ್ಟೋ ಮಂದಿ. 1860ರ ದಶಕದ ಕೊನೆಗೆ ಅಲ್ಲಿಯ ಸರ್ಕಾರದ ಕೃಷಿ ಇಲಾಖೆಯೇ ವಾಷಿಂಗ್ಟನ್ನಿನ ತನ್ನ ತೋಟದಲ್ಲಿ ಇದರ ಹಲವು ಜಾತಿಗಳನ್ನು ಬೆಳೆಸುತ್ತಿತ್ತು. ಪಶ್ಚಿಮದ ಒಣ ನಾಡುಗಳಿಗೆ ಜನ ವಲಸೆ ಹೋದಾಗ ಗಿಡವೂ ಅವರ ಜೊತೆ ಹೋಯಿತು. ಬಿಸಿಲಿಗೆ ಜಗ್ಗದು, ಚೌಳು ಮಣ್ಣಿಗೆ ಅಂಜದು, ಗಾಳಿಗೆ ಅಡ್ಡ ನಿಲ್ಲುತ್ತದೆ, ಕೊರೆಯುವ ಹೊಳೆದಂಡೆಯನ್ನು ಬೇರಿನಿಂದ ಹಿಡಿದು ನಿಲ್ಲಿಸುತ್ತದೆ ಎಂದು ಎಲ್ಲರೂ ಹೊಗಳಿದರು. ನ್ಯೂ ಮೆಕ್ಸಿಕೋದಲ್ಲಿ 1920ರ ದಶಕದಲ್ಲಿ ಹೊಳೆಯ ಮಣ್ಣು ಕೊಚ್ಚಿಹೋಗದಿರಲೆಂದು ಇದನ್ನು ಬೇಕೆಂದೇ ನೆಟ್ಟರು. ಹೆಣ್ಣು ನೋಡಲು ಹೋದವರು ಹೇಳುವ ಮಾತಿನಂತೆಯೇ ಇತ್ತು ಆ ಹೊಗಳಿಕೆ: ಕೆಲಸ ಬರುತ್ತದೆ, ಬಾಯಿ ಇಲ್ಲ, ಹಾಕಿದ್ದನ್ನು ಉಂಡು ಇರುತ್ತಾಳೆ.

ಮನೆ ತುಂಬಿದ ಮೇಲಿನ ಕತೆ ಬೇರೆ. 1920ರಲ್ಲಿ ಈ ಗಿಡ ಆಕ್ರಮಿಸಿದ್ದು ಸುಮಾರು 10,000 ಎಕರೆಯಾದರೆ, 1960ರ ದಶಕದ ಹೊತ್ತಿಗೆ 9 ಲಕ್ಷ ಎಕರೆಗೂ ಹೆಚ್ಚು ಎಂದು ಸರ್ಕಾರಿ ವರದಿಯ ಅಂದಾಜು. ರಿಯೊ ಗ್ರಾಂಡೆ, ಪೆಕೋಸ್, ಗಿಲಾ, ಕೊಲರಾಡೊ, ಹೀಗೆ ನೈರುತ್ಯ ಅಮೆರಿಕದ ದೊಡ್ಡ ಹೊಳೆಗಳ ದಂಡೆಯಲ್ಲೆಲ್ಲ ಇದರದ್ದೇ ಪೊದೆ. ಮೊದಲು ಅಲ್ಲಿ ಕಾಟನ್‌ವುಡ್ ಎಂಬ ಎತ್ತರದ ಮರಗಳೂ ವಿಲ್ಲೋ ಮರಗಳೂ ತುಂಬಿದ್ದವು. ಅವು ಹಿಂದೆ ಸರಿದವು, ಇದು ಮುಂದೆ ಬಂತು. ಆದ್ದರಿಂದ ಬಂದವಳೇ ಇದ್ದವರನ್ನು ಹೊರಹಾಕಿದಳು ಎಂದು ಎಲ್ಲರೂ ತೀರ್ಮಾನಿಸಿದರು.

ಇಲ್ಲಿ ಚರಿತ್ರೆ ಓದಿದವರು ಸ್ವಲ್ಪ ನಿಲ್ಲಬೇಕು. ಅದೇ ಕಾಲದಲ್ಲಿ ಮತ್ತೇನು ನಡೆಯುತ್ತಿತ್ತು? ಸಾಲ್ಟ್ ನದಿಗೆ ರೂಸ್‌ವೆಲ್ಟ್ ಅಣೆಕಟ್ಟು 1911ರಲ್ಲಿ ಬಂತು. ರಿಯೊ ಗ್ರಾಂಡೆಗೆ ಎಲಿಫೆಂಟ್ ಬ್ಯೂಟ್ ಅಣೆಕಟ್ಟು 1916ರಲ್ಲಿ, ಗಿಲಾ ನದಿಗೆ ಕೂಲಿಜ್ ಅಣೆಕಟ್ಟು 1930ರ ಸುಮಾರಿಗೆ, ಕೊಲರಾಡೊಗೆ ಹೂವರ್ ಅಣೆಕಟ್ಟು 1930ರ ದಶಕದ ನಡುವೆ ಬಂದವು. ಈ ಇಸವಿಗಳನ್ನು ಗಿಡ ಹರಡಿದ ಇಸವಿಗಳ ಪಕ್ಕದಲ್ಲಿ ಇಟ್ಟು ನೋಡಿದರೆ ವಿಷಯ ಬೇರೆಯಾಗಿ ಕಾಣುತ್ತದೆ.

ಕಾಟನ್‌ವುಡ್ ಮರದ ಬಾಳೆಲ್ಲ ವಸಂತದ ಪ್ರವಾಹದ ಮೇಲೆ ನಿಂತದ್ದು. ಬೆಟ್ಟದ ಹಿಮ ಕರಗಿ ಹೊಳೆ ಉಕ್ಕಿ, ದಂಡೆಯ ಮೇಲೆ ಹೊಸ ಮೆಕ್ಕಲು ಹರಡಿ, ನೀರು ಇಳಿಯುವ ಹೊತ್ತಿಗೆ ಸರಿಯಾಗಿ ಅದರ ಬೀಜ ಹತ್ತಿಯ ಎಳೆ ಕಟ್ಟಿಕೊಂಡು ಗಾಳಿಯಲ್ಲಿ ಹಾರುತ್ತದೆ. ಆ ಕೆಲವೇ ವಾರಗಳಲ್ಲಿ ಒದ್ದೆ ಮಣ್ಣು ಸಿಕ್ಕಬೇಕು. ಸಿಕ್ಕದಿದ್ದರೆ ಆ ವರ್ಷ ಸಂತಾನವಿಲ್ಲ. ಅಣೆಕಟ್ಟು ಕಟ್ಟಿದ ಮೇಲೆ ವಸಂತದ ಪ್ರವಾಹ ನಿಂತಿತು. ನೀರು ಬಿಟ್ಟರೆ ಬೇಸಗೆಯಲ್ಲಿ, ಹೊಲದವರಿಗೆ ಬೇಕಾದಾಗ ಬಿಟ್ಟರು. ಕಾಟನ್‌ವುಡ್ಡಿನ ಪಂಚಾಂಗ ತಪ್ಪಿಹೋಯಿತು. ಸಾಲ್ಟ್ ಸೀಡರಿಗೆ ಅಂಥ ಮುಹೂರ್ತದ ಹಂಗಿಲ್ಲ. ಅದು ವಸಂತದಿಂದ ಶರತ್ತಿನವರೆಗೂ ಹೂ ಬಿಟ್ಟು ಬೀಜ ತೂರುತ್ತಲೇ ಇರುತ್ತದೆ. ಯಾವಾಗ ನೀರು ಬಂದರೂ ಅದಕ್ಕೆ ಸರಿ. ಪ್ರವಾಹ ಬಂದು ತೊಳೆಯದ ಮಣ್ಣಿನಲ್ಲಿ ಉಪ್ಪು ಕೂತರೆ ಇತರ ಗಿಡಗಳು ಸೊರಗುತ್ತವೆ, ಇದಕ್ಕೆ ಅದೂ ಸರಿ. ಅಂತರ್ಜಲ ಕೆಳಗಿಳಿದರೆ ಬೇರು ಇನ್ನೂ ಆಳಕ್ಕೆ ಹೋಗುತ್ತದೆ. ಹೀಗೆ, ಮನುಷ್ಯರು ಹೊಳೆಯನ್ನು ಬದಲಾಯಿಸಿದರು, ಬದಲಾದ ಹೊಳೆಗೆ ಹೊಂದಿಕೊಳ್ಳುವ ಗಿಡ ಅಲ್ಲಿ ನೆಲೆಸಿತು. ಹಳಬರನ್ನು ಹೊರಹಾಕಿದ್ದು ಹೊಸಬಳೊಬ್ಬಳೇ ಎನ್ನುವುದು ಪೂರ್ತಿ ನಿಜವಲ್ಲ.

ಈ ಮರವನ್ನು ನಾನು ಕಣ್ಣಾರೆ ಕಂಡದ್ದು 2018ರ ಬೇಸಗೆ ರಜದಲ್ಲಿ, ಅರಿಜೋನಾದಲ್ಲಿರುವ ನನ್ನ ಅಕ್ಕನ ಮಗಳ ಮನೆಗೆ ಹೋಗಿದ್ದಾಗ. ಫೀನಿಕ್ಸ್ ನಗರದ ಪಶ್ಚಿಮಕ್ಕೆ ಗಿಲಾ ನದಿಯನ್ನು ದಾಟುವ ಸೇತುವೆಯ ಹತ್ತಿರ ಕಾರು ನಿಲ್ಲಿಸಿದ್ದಳು. ನದಿ ಎಂದರೆ ಮರಳು, ಮರಳಿನ ತುಂಬ ಗುಲಾಬಿ ಹೊಗೆ ಕವಿದ ಹಾಗೆ ಈ ಗಿಡದ ಕಾಡು.

“ಅದನ್ನೇನು ಚಿಕ್ಕಮ್ಮ, ಹಾಗೆ ನೋಡ್ತಿದೀಯ? ಶುದ್ಧ ನೀರುಗಳ್ಳಿ ಅದು. ಒಂದೊಂದು ಮರ ದಿನಕ್ಕೆ ಇನ್ನೂರು ಗ್ಯಾಲನ್ ಕುಡಿಯುತ್ತಂತೆ.”

“ಇನ್ನೂರು ಗ್ಯಾಲನ್ ಅಂದರೆ ಎಷ್ಟೇ?”

“ಏಳುನೂರೈವತ್ತು ಲೀಟರ್ ಆಗಬಹುದು.”

ನಮ್ಮ ಲೆಕ್ಕವೆಲ್ಲ ಬಿಂದಿಗೆಯಲ್ಲಿ. ಹದಿನೈದು ಲೀಟರಿನ ಬಿಂದಿಗೆಯಾದರೆ ಐವತ್ತು ಬಿಂದಿಗೆ! ಮದುವೆ ಮನೆಗೂ ಸಾಕು. ಆಳೆತ್ತರದ ಮರವೊಂದು ದಿನಾ ಅಷ್ಟು ನೀರನ್ನು ಎಲ್ಲಿ ಇಟ್ಟುಕೊಳ್ಳುತ್ತದೆ ಎಂದು ನನಗೆ ಆಶ್ಚರ್ಯ. ರೆಂಬೆ ಮುರಿದು ಎಲೆಯನ್ನು ನಾಲಿಗೆಗೆ ಇಟ್ಟೆ, ಉಪ್ಪಾಗಿತ್ತು. ಅಕ್ಕನ ಮಗಳು “ಅಯ್ಯೋ, ಅಮ್ಮನ ಹಾಗೇ ನೀನೂ” ಎಂದು ನಕ್ಕಳು. ಊರಿಗೆ ಬಂದ ಮೇಲೂ ಆ ಐವತ್ತು ಬಿಂದಿಗೆಯ ಮಾತು ತಲೆಯಲ್ಲಿ ಕುಳಿತಿತ್ತು. ಅದರ ಬೆನ್ನು ಹತ್ತಿ ಓದುತ್ತ ಹೋದಾಗ ತಿಳಿದದ್ದನ್ನು ಇಲ್ಲಿ ಹೇಳುತ್ತೇನೆ.

ಎರಡನೆಯ ಮಹಾಯುದ್ಧದ ಕಾಲ. ಗುಂಡಿಗೆ, ತಂತಿಗೆ, ಯಂತ್ರಕ್ಕೆ ಎಲ್ಲಕ್ಕೂ ತಾಮ್ರ ಬೇಕು. ಅರಿಜೋನಾದ ಪೂರ್ವ ಭಾಗದಲ್ಲಿ ಮೊರೆನ್ಸಿ ಎಂಬಲ್ಲಿ ಭಾರಿ ತಾಮ್ರದ ಗಣಿ ಇದೆ. ಗಣಿಗೆ ನೀರು ಬೇಕು, ಹತ್ತಿರದ ನೀರೆಂದರೆ ಗಿಲಾ ನದಿಯ ಕಣಿವೆಯದು. ಆದರೆ ಗಿಲಾ ನೀರು ಯಾರುಯಾರಿಗೆ ಎಷ್ಟೆಷ್ಟು ಎಂದು 1935ರಲ್ಲೇ ನ್ಯಾಯಾಲಯದಲ್ಲಿ ತೀರ್ಮಾನವಾಗಿಹೋಗಿತ್ತು. ಪಾಲು ಮುಗಿದ ಆಸ್ತಿಗೆ ಹೊಸ ಪಾಲುದಾರ ಬಂದ ಹಾಗಾಯಿತು. ಯಾರ ಪಾಲನ್ನೂ ಮುಟ್ಟದೆ ನೀರು ಹುಟ್ಟಿಸುವುದು ಹೇಗೆ? ಆಗ ಕಣ್ಣಿಗೆ ಬಿದ್ದದ್ದು ದಂಡೆಯ ಮೇಲಿನ ಮರಗಳು. ಅವು ಕುಡಿಯುವ ನೀರಿಗೆ ಕಾಗದಪತ್ರವಿಲ್ಲ, ವಕೀಲರಿಲ್ಲ. ಮರವನ್ನು ತೆಗೆದರೆ ಅದು ಕುಡಿಯುತ್ತಿದ್ದ ನೀರು ಉಳಿದಂತಾಯಿತು; ಉಳಿದದ್ದು ಗಣಿಗೆ ಎಂದು ಯೋಚಿಸಿದರು.

ಇದಕ್ಕಾಗಿ ಅಮೆರಿಕದ ಭೂವಿಜ್ಞಾನ ಇಲಾಖೆಯವರು 1943–44ರಲ್ಲಿ ಸ್ಯಾಫರ್ಡ್ ಕಣಿವೆಯಲ್ಲಿ ಗಿಡಗಳನ್ನು ತೊಟ್ಟಿಗಳಲ್ಲಿ ಬೆಳೆಸಿ ಎಷ್ಟು ನೀರು ಕುಡಿಯುತ್ತವೆಂದು ಅಳೆದರು. ಆ ವರದಿ 1950ರಲ್ಲಿ ಅಚ್ಚಾಯಿತು. ಅಂತರ್ಜಲಕ್ಕೆ ಬೇರಿಳಿಸುವ ಗಿಡಗಳಿಗೆ ಆಸ್ಕರ್ ಮೈನ್‌ಜರ್ ಎಂಬ ವಿಜ್ಞಾನಿ 1920ರ ದಶಕದಲ್ಲೇ ಫ್ರಿಯಾಟೊಫೈಟ್ ಎಂಬ ಹೆಸರು ಕಟ್ಟಿದ್ದರು. ಗ್ರೀಕಿನಲ್ಲಿ ಅದರ ಅರ್ಥ ಬಾವಿಗಿಡ. ಬಾವಿ ತೋಡಿಕೊಂಡ ಗಿಡ ಎಂದು ಮೆಚ್ಚುಗೆಯಿಂದಲೂ ಹೇಳಬಹುದಾದ ಮಾತು. ಯುದ್ಧದ ಕಾಲದಲ್ಲಿ ಅದು ಬಯ್ಗುಳವಾಯಿತು. ಗಿಡವನ್ನು ಸಮಸ್ಯೆಯನ್ನಾಗಿ ಮಾಡಿದ ಈ ಬಗೆಯನ್ನು ಅರಿಜೋನಾದ ಚರಿತ್ರಕಾರ ಮ್ಯಾಥ್ಯೂ ಚ್ಯೂ 2009ರಲ್ಲಿ ಒಂದು ದೀರ್ಘ ಪ್ರಬಂಧದಲ್ಲಿ ಬಿಡಿಸಿ ತೋರಿಸಿದ್ದಾರೆ.

ಯುದ್ಧ ಮುಗಿಯಿತು, ಅಪವಾದ ಮುಗಿಯಲಿಲ್ಲ. ಮುಂದಿನ ಮೂರು ದಶಕ ಬುಲ್ಡೋಜರ್ ಹೊಡೆದರು, ಬೆಂಕಿ ಇಟ್ಟರು, ವಿಷ ಸಿಂಪಡಿಸಿದರು. ಪೆಕೋಸ್ ನದಿಯ ಒಂದು ಭಾಗದಲ್ಲಿ 1967ರಿಂದ ಸುಮಾರು ಇಪ್ಪತ್ತು ಸಾವಿರ ಎಕರೆಯ ಗಿಡ ಬೋಳಿಸಿದರು. ಉಳಿದ ನೀರು ಹೊಳೆಯಲ್ಲಿ ಹರಿಯಬೇಕಲ್ಲವೆ? ಅಳತೆಗೆ ಸಿಗುವಂಥ ಹೆಚ್ಚಳವೇನೂ ಕಾಣಲಿಲ್ಲವೆಂದು 1988ರ ಸರ್ಕಾರಿ ವರದಿಯೇ ಹೇಳಿತು. ಮರ ಹೋದ ಜಾಗದಲ್ಲಿ ಬೇರೆ ಗಿಡ ಬೆಳೆದು ನೀರು ಕುಡಿಯಿತು, ಬರಿಯ ಒದ್ದೆ ನೆಲದಿಂದ ಬಿಸಿಲಿಗೆ ನೀರು ಆರಿತು.

ಐವತ್ತು ಬಿಂದಿಗೆಯ ಲೆಕ್ಕವೂ ನಿಲ್ಲಲಿಲ್ಲ. 2007ರಲ್ಲಿ ಟೆಕ್ಸಾಸಿನ ಓವೆನ್ಸ್ ಮತ್ತು ಮೂರ್ ಎಂಬ ಸಂಶೋಧಕರು ಆ ಅಂಕಿಯ ಬೆನ್ನು ಹತ್ತಿ, ಹಿಂದಿನ ಅಳತೆಗಳನ್ನೂ ತಮ್ಮ ಅಳತೆಗಳನ್ನೂ ಪರಿಶೀಲಿಸಿದರು. ಇನ್ನೂರು ಗ್ಯಾಲನ್ ಎಂಬುದಕ್ಕೆ ಆಧಾರವಿಲ್ಲ, ಒಂದು ಮರ ಕುಡಿಯುವುದು ದಿನಕ್ಕೆ 122 ಲೀಟರಿಗಿಂತ ಕಡಿಮೆ ಎಂದರು. ಅಂದರೆ ಎಂಟು ಬಿಂದಿಗೆ. ಅದೂ ಮೇಲುಮಿತಿ. 2006ರಲ್ಲಿ ಅಲ್ಲಿಯ ಸಂಸತ್ತು ಈ ಗಿಡದ ನಿಯಂತ್ರಣಕ್ಕೆಂದೇ ಒಂದು ಕಾಯಿದೆ ಮಾಡಿತ್ತು. ಆ ಕಾಯಿದೆಯ ಪ್ರಕಾರ ವಿಜ್ಞಾನಿಗಳು 2010ರಲ್ಲಿ ಕೊಟ್ಟ ವರದಿಯೂ, ಸಾಲ್ಟ್ ಸೀಡರ್ ಕುಡಿಯುವ ನೀರು ಹೆಚ್ಚುಕಡಿಮೆ ಕಾಟನ್‌ವುಡ್, ವಿಲ್ಲೋಗಳಷ್ಟೇ ಎಂದಿತು. ಎಲ್ಲರಷ್ಟೇ ಉಂಡವಳನ್ನು ಹೊಟ್ಟೆಬಾಕಿ ಎಂದು ಅರವತ್ತು ವರ್ಷ ಕರೆದಂತಾಯಿತು. ನಮ್ಮ ಮನೆಗಳಲ್ಲೂ ಹಿಟ್ಟಿನ ಡಬ್ಬ ಬೇಗ ಖಾಲಿಯಾಯಿತೆಂದರೆ ಮೊದಲು ಕಣ್ಣು ಹೋಗುವುದು ಯಾರ ತಟ್ಟೆಯ ಮೇಲೆ ಎಂಬುದು ನಿಮಗೆ ಗೊತ್ತು.

ಹಾಗಾದರೆ ಗಿಲಾ ನದಿಯ ನೀರು ಎಲ್ಲಿ ಹೋಯಿತು? ಆ ನದಿಯ ದಂಡೆಯಲ್ಲಿ ಅಕಿಮೆಲ್ ಓಡಮ್ ಎಂಬ ಮೂಲನಿವಾಸಿಗಳಿದ್ದಾರೆ. ಆ ಹೆಸರಿನ ಅರ್ಥವೇ ಹೊಳೆಯ ಜನ. ಕಾಲುವೆ ತೋಡಿ ಬೆಳೆ ತೆಗೆಯುತ್ತಿದ್ದ, ದಾರಿಹೋಕರಿಗೆ ಧಾನ್ಯ ಮಾರುತ್ತಿದ್ದ ಉಂಡುಟ್ಟು ಬಾಳಿದ ಜನ. 1870ರ ದಶಕದಿಂದ ಮೇಲ್ಗಡೆ ನೆಲೆಸಿದ ಬಿಳಿಯ ರೈತರು ನೀರನ್ನು ತಿರುಗಿಸಿಕೊಳ್ಳುತ್ತ ಹೋದರು. ಹೊಳೆ ಬತ್ತಿತು. ಆ ಶತಮಾನ ಮುಗಿಯುವ ಹೊತ್ತಿಗೆ ಹೊಳೆಯ ಜನ ಹಸಿವಿನಿಂದ ಕಂಗೆಟ್ಟಿದ್ದರು. ಸೊಪ್ಪುಸೆದೆ ಒಣಗಿತು. ಅವರ ಹೆಂಗಸರು ಬುಟ್ಟಿ ಹೆಣೆಯಲು ತರುತ್ತಿದ್ದ ವಿಲ್ಲೋ ಕಡ್ಡಿ, ಜೊಂಡು ಕೂಡ ದುರ್ಲಭವಾಯಿತು. ಸಾಲ್ಟ್ ಸೀಡರ್ ಆ ನದಿಯನ್ನು ತುಂಬಿಕೊಂಡದ್ದು ಇದಾದ ಮೇಲೆ. ಇಸವಿಗಳನ್ನು ಕ್ರಮವಾಗಿ ಜೋಡಿಸಿದರೆ ಮರ ಬರುವ ಮೊದಲೇ ನೀರು ಹೋಗಿತ್ತು. ನಾನು ಮಕ್ಕಳಿಗೆ ಕಾಲರೇಖೆ ಬರೆಸುವುದು ಇಂಥದ್ದಕ್ಕೇ. ಯಾವುದು ಮೊದಲು, ಯಾವುದು ಆಮೇಲೆ ಎಂದು ಗೊತ್ತಿಲ್ಲದಿದ್ದರೆ ಯಾರ ಮೇಲಾದರೂ ಏನನ್ನಾದರೂ ಹೊರಿಸಬಹುದು.

ಕತೆಯಲ್ಲಿ ಇನ್ನೊಂದು ತಿರುವು ಉಂಟು. ಬುಲ್ಡೋಜರಿಗೆ ಬಗ್ಗದ ಗಿಡಕ್ಕೆ ಅದರ ತವರಿನಿಂದಲೇ ವೈರಿಯನ್ನು ತರಿಸಿದರು. ಚೀನಾ, ಕಝಾಕಸ್ತಾನಗಳಿಂದ ತಂದ ಒಂದು ಸಣ್ಣ ಎಲೆದುಂಬಿಯನ್ನು ಹಲವು ವರ್ಷ ಪರೀಕ್ಷಿಸಿ 2001ರಲ್ಲಿ ಬಯಲಿಗೆ ಬಿಟ್ಟರು. ದುಂಬಿ ಎಲೆಗಳನ್ನು ತಿಂದು ಮೈಲುಗಟ್ಟಲೆ ಕಾಡನ್ನು ಕಂದು ಮಾಡಿತು. ಆದರೆ ಅಷ್ಟರಲ್ಲಿ ಈ ಮರದಲ್ಲಿ ಒಬ್ಬ ಬಾಡಿಗೆದಾರಳು ಸೇರಿಕೊಂಡಿದ್ದಳು. ವಿಲ್ಲೋ ಫ್ಲೈಕ್ಯಾಚರ್ ಎಂಬ ನೊಣಹಿಡುಕ ಹಕ್ಕಿಯ ನೈರುತ್ಯದ ತಳಿ, 1995ರಿಂದ ಅಳಿವಿನಂಚಿನ ಪಟ್ಟಿಯಲ್ಲಿರುವಂಥದು, ವಿಲ್ಲೋ ಇಲ್ಲದ ಕಡೆ ಸಾಲ್ಟ್ ಸೀಡರಿನಲ್ಲೇ ಗೂಡು ಕಟ್ಟುತ್ತಿತ್ತು. ಅದರ ನೆಲೆಗಳಲ್ಲಿ ಸುಮಾರು ನಾಲ್ಕರಲ್ಲೊಂದು ಭಾಗ ಇದೇ ಮರದ ಆಸರೆಯಲ್ಲಿತ್ತು. ಗೂಡುಗಳಿರುವ ಕಡೆಯಿಂದ 200 ಮೈಲಿ ಒಳಗೆ ದುಂಬಿಯನ್ನು ಬಿಡಬಾರದೆಂದು ಕಟ್ಟಳೆ ಮಾಡಿದ್ದರು. ದುಂಬಿ ಕಟ್ಟಳೆ ಓದುತ್ತದೆಯೆ? 2006ರಲ್ಲಿ ಯೂಟಾ ಪ್ರಾಂತ್ಯದ ವರ್ಜಿನ್ ನದಿಯ ಬಳಿ ಬಿಟ್ಟದ್ದು, ಎರಡೇ ವರ್ಷದಲ್ಲಿ ಹಕ್ಕಿಯ ಗೂಡಿರುವ ಮರಗಳಿಗೂ ಬಂತು. ಮರಿಗಳ ಮೇಲೆ ಬಿಸಿಲು ಬಿತ್ತು. ದಕ್ಷಿಣದ ಹಗಲಿನ ಉದ್ದಕ್ಕೆ ಹೊಂದಲಾರದೆಂದು ನಂಬಿದ್ದ ದುಂಬಿ ಕೆಲವೇ ವರ್ಷಗಳಲ್ಲಿ ಅದಕ್ಕೂ ಹೊಂದಿಕೊಂಡು ದಕ್ಷಿಣಕ್ಕೆ ಇಳಿಯಿತು. ಪಕ್ಷಿಪ್ರಿಯರು 2009ರಲ್ಲಿ ಮೊಕದ್ದಮೆ ಹೂಡಿದರು. 2010ರಲ್ಲಿ ಕೃಷಿ ಇಲಾಖೆ ದುಂಬಿ ಬಿಡುವುದನ್ನು ನಿಲ್ಲಿಸಿತು. ಆದರೆ ಬಿಟ್ಟದ್ದನ್ನು ಹಿಂದಕ್ಕೆ ಕರೆಯುವುದು ಯಾರ ಕೈಯಲ್ಲೂ ಇರಲಿಲ್ಲ.

ಇಷ್ಟು ಹೇಳಿದೆನೆಂದು ಈ ಮರ ಏನೂ ಅರಿಯದ ಪಾಪದ್ದು ಎಂದು ನಾನು ವಾದಿಸುತ್ತಿಲ್ಲ. ಅದು ಬೆಂಕಿಗೆ ಬೇಗ ಸಿಕ್ಕುತ್ತದೆ, ಸುಟ್ಟ ಮೇಲೆ ಬುಡದಿಂದ ಚಿಗುರಿ ಮತ್ತೆ ತಾನೇ ನಿಲ್ಲುತ್ತದೆ; ಜೊತೆಯಲ್ಲಿ ಸುಟ್ಟ ಕಾಟನ್‌ವುಡ್ ಹಾಗೆ ಏಳಲಾರದು. ಒತ್ತಾಗಿ ಬೆಳೆದು ಇತರರಿಗೆ ಬೆಳಕು ಬಿಡುವುದಿಲ್ಲ. ಉದುರಿದ ಎಲೆಯ ಉಪ್ಪು, ಪ್ರವಾಹವಿಲ್ಲದ ಕಡೆ, ಮೇಲ್ಮಣ್ಣಿನಲ್ಲೇ ಕೂರುತ್ತದೆ. ಅಲ್ಲಿ ಅತಿಯಾಗಿ ಹಬ್ಬಿರುವುದು ಎರಡು ಜಾತಿಗಳ ಬೆರಕೆಯ ತಳಿ, ತವರಿನ ಏಷ್ಯಾದಲ್ಲಿ ಅಂಥ ಬೆರಕೆ ಕಾಣಲಿಲ್ಲವೆಂದು 2002ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ತವರಿನಲ್ಲಿ ಎಂದೂ ಭೇಟಿಯಾಗದವರು ಪರದೇಶದಲ್ಲಿ ಬೀಗರಾದರು. ಹಾಗಾಗಿ ಇದು ಬಂದ ಗಿಡವೂ ಹೌದು, ಅಲ್ಲಿಯೇ ಹುಟ್ಟಿದ ಗಿಡವೂ ಹೌದು. ತಪ್ಪಿದ್ದರೆ ತಪ್ಪಿನಷ್ಟು ಹೇಳಬೇಕು. ಎಂಟು ಬಿಂದಿಗೆಯನ್ನು ಐವತ್ತು ಎನ್ನಬಾರದು.

ಅಮೆರಿಕದ ಈ ಕತೆಗೆ ನಮ್ಮಲ್ಲೂ ಒಂದು ಕನ್ನಡಿ ಇದೆ. ನಮ್ಮ ಕಡೆಯ ಮರ ಅಲ್ಲಿ ಹೋಗಿ ಕಳ್ಳಿಯಾದ ಕಾಲದಲ್ಲೇ ಆ ಕಡೆಯ ಮರವೊಂದು ಇಲ್ಲಿಗೆ ಬಂತು. ನಾವು ಬಳ್ಳಾರಿ ಜಾಲಿ ಎನ್ನುವ ಮರ ಬಳ್ಳಾರಿಯದಲ್ಲ. ಮೆಕ್ಸಿಕೋ, ಕೆರಿಬಿಯನ್ ಸೀಮೆಯದು. ಜಮೈಕಾದಿಂದ ಬೀಜ ತರಿಸಿ 1877ರ ಸುಮಾರಿಗೆ ಕಡಪದ ಕಡೆ ಬಿತ್ತಿದರು, ಸೌದೆಗೆ, ಬೋಳುನೆಲಕ್ಕೆ ಎಂದು. ಜೋಧಪುರದ ಸಂಸ್ಥಾನ 1940ರಲ್ಲಿ ಅದಕ್ಕೆ ರಾಜವೃಕ್ಷವೆಂಬ ಮರ್ಯಾದೆ ಕೊಟ್ಟಿತ್ತು. ಗುಜರಾತಿನ ಕಛ್‌ನಲ್ಲಿ ಈಗ ಅದರ ಹೆಸರು ಗಾಂಡೊ ಬಾವಳ್, ಎಂದರೆ ಹುಚ್ಚು ಜಾಲಿ. ರಾಜವೃಕ್ಷದಿಂದ ಹುಚ್ಚಿನವರೆಗೆ ಬರಲು ಎಷ್ಟು ಕಾಲ ಬೇಕಾಯಿತು ನೋಡಿ. ಅದರ ಬಂಧುವಾದ ಮೆಸ್ಕೀಟ್ ಅರಿಜೋನಾದಲ್ಲಿ ಹೊಳೆಯ ಜನರಿಗೆ ಅನ್ನ ಕೊಟ್ಟ ಮರ. ಅವರ ಅಜ್ಜಿಯಂದಿರು ಅದರ ಕಾಯಿ ಕುಟ್ಟಿ ಹಿಟ್ಟು ಮಾಡುತ್ತಿದ್ದರು. ಸಾಲ್ಟ್ ಸೀಡರ್ ಅಲ್ಲಿ ಹೋಗಿ ಮೆಸ್ಕೀಟಿನ ಪಕ್ಕದಲ್ಲಿ ನಿಂತಿತು. ಮೆಸ್ಕೀಟಿನ ನಂಟಸ್ತಿಕೆಯದು ಇಲ್ಲಿ ಬಂದು ನಮ್ಮ ಕರಿಜಾಲಿಯ ಪಕ್ಕದಲ್ಲಿ ನಿಂತಿತು.

ನಮ್ಮೂರಿನ ಕೆರೆಯಲ್ಲೂ ಬಳ್ಳಾರಿ ಜಾಲಿ ತುಂಬಿತ್ತು. ಜಾಲಿಯಿಂದಲೇ ಕೆರೆ ಬತ್ತಿತು, ಬೋರ್‌ವೆಲ್ ಬತ್ತಿದ್ದೂ ಜಾಲಿಯಿಂದಲೇ ಎಂದು ಊರೆಲ್ಲ ಮಾತಾಡಿಕೊಂಡಿತು. ಒಂದು ಬೇಸಗೆ ಯಂತ್ರ ತಂದು ಕಿತ್ತರು. ಜಾಲಿ ಕಡಿದು ಸೌದೆ ಮಾರಿ ಬದುಕುತ್ತಿದ್ದ ನಾಲ್ಕಾರು ಹೆಂಗಸರು ಬೇರೆ ಕೂಲಿ ಹುಡುಕಿಕೊಂಡರು. ಮಳೆ ಬಂತು. ಕೆರೆಯಲ್ಲಿ ಮೊಣಕಾಲುದ್ದ ನೀರು ನಿಂತು ದೀಪಾವಳಿಗೆ ಆರಿತು. ಕೆರೆಗೆ ನೀರು ತರುತ್ತಿದ್ದ ಹಳ್ಳದ ಕಾಲುವೆ ಎರಡು ಕಡೆ ಮಣ್ಣು ಮುಚ್ಚಿ ನಿವೇಶನವಾಗಿದ್ದುದು ಎಲ್ಲರಿಗೂ ಗೊತ್ತಿತ್ತು. ಆ ಮನೆಗಳ ಗೃಹಪ್ರವೇಶದ ಊಟವನ್ನೂ ಊರು ಉಂಡಿತ್ತು. ಸುತ್ತ ತೋಟಗಳಲ್ಲಿ ಸಾವಿರ ಅಡಿಗೆ ಇಳಿದ ಬೋರ್‌ವೆಲ್‌ಗಳೂ ಗುಟ್ಟೇನಲ್ಲ. ಮಾತಾಡಲು ಸುಲಭವಾಗಿ ಸಿಕ್ಕಿದ್ದು ಮುಳ್ಳಿನ ಮರ. ಮರುವರ್ಷ ಬುಡಗಳಿಂದ ಜಾಲಿ ಮತ್ತೆ ಚಿಗುರಿತು.

ಜಾಲಿಯನ್ನು ತೆಗೆಯಬಾರದೆಂದಲ್ಲ. ಕೆರೆಯಂಗಳದಲ್ಲಿ ಅದಕ್ಕೆ ಜಾಗವಿಲ್ಲ, ದನದ ಕಾಲಿಗೂ ಕೆಡುಕು. ಆದರೆ ತೆಗೆದವರು ಮುಂದಿನ ಲೆಕ್ಕವನ್ನೂ ಕೇಳಬೇಕು: ನೀರು ಎಲ್ಲಿಂದ ಬರುತ್ತಿತ್ತು, ಎಂದು ನಿಂತಿತು, ನಿಲ್ಲಿಸಿದವರು ಯಾರು, ಉಳಿದ ನೀರು ಯಾರ ಮನೆಗೆ ಹೋಗುತ್ತದೆ. ಬೆಳಗಿನ ಜಾವ ನಲ್ಲಿಯ ಮುಂದೆ ಸಾಲು ನಿಲ್ಲುವವರು, ಟ್ಯಾಂಕರಿನ ಹಿಂದೆ ಓಡುವವರು ನಾವೇ ಆದ್ದರಿಂದ ಆ ಲೆಕ್ಕವನ್ನು ಕೇಳುವ ಹಕ್ಕೂ ಮೊದಲು ನಮ್ಮದು. ನೀರಿನ ಸಭೆಗಳಲ್ಲಿ ನಮ್ಮ ಬಾಯಿ ಮುಚ್ಚಿಸಲು ಒಂದು ಮರವನ್ನು ತೋರಿಸಿದರೆ ಸಾಕಾಗಬಾರದು.

ಹೊಳೆಯ ಜನರ ಕತೆಯ ಒಂದು ಭಾಗವನ್ನು ಹೇಳುವುದು ಉಳಿಯಿತು. ಶತಮಾನಕ್ಕೂ ಮೇಲ್ಪಟ್ಟು ಹೋರಾಡಿ, ಕಚೇರಿಗೂ ನ್ಯಾಯಾಲಯಕ್ಕೂ ಅಲೆದು, 2004ರಲ್ಲಿ ಅಮೆರಿಕದ ಸಂಸತ್ತು ಒಪ್ಪಿದ ಕಾಯಿದೆಯಿಂದ ಅವರು ತಮ್ಮ ನೀರಿನ ಪಾಲನ್ನು ಪಡೆದರು. ಆ ನೀರಿನಲ್ಲಿ ಒಂದಿಷ್ಟನ್ನು ಅವರು ಈಚಿನ ವರ್ಷಗಳಲ್ಲಿ ಗಿಲಾದ ಒಣ ಮರಳಿಗೆ ಬಿಟ್ಟು ಇಂಗಿಸುತ್ತಿದ್ದಾರೆ. ನೀರು ನಿಂತ ಕಡೆ ಜೊಂಡು ಮತ್ತೆ ಎದ್ದಿದೆ, ಹಕ್ಕಿಗಳು ಬಂದಿವೆ, ಬುಟ್ಟಿ ಹೆಣೆಯುವವರಿಗೆ ಬೇಕಾದ ಕಡ್ಡಿ ಸಿಕ್ಕುವ ಕಾಲ ಬಂದಿದೆ. ಅಲ್ಲಿಯೂ ಸಾಲ್ಟ್ ಸೀಡರನ್ನು ಕೀಳುವ ಕೆಲಸ ಇದ್ದೇ ಇದೆ. ಆದರೆ ಅವರು ಮೊದಲು ಕೇಳಿದ್ದು ನೀರನ್ನು, ಕೇಳಿದ್ದು ನೀರು ಕೊಂಡೊಯ್ದವರ ಹತ್ತಿರ.